ಮೊಬೈಲು ಬೇಕಾ ಅಂತ ನಮ್ಮನ್ನ ಕೇಳಿದ್ಯಾರು?

ಕಳೆದ ಭಾನುವಾರ ಶಿವಮೊಗ್ಗದಿಂದ ಅಣ್ಣನ ಮಗಳು ಫೋನ್ ಮಾಡಿದ್ದಳು. ಎಂಟನೇ ಕ್ಲಾಸು. "ಚಿಕ್ಕಪ್ಪಾ, ಕನ್ನಡ ಮಿಸ್ಸು ಪ್ರಬಂಧ ಬರ್ಕೊಂಡು ಬರೋಕೆ ಹೇಳಿದಾರೆ. ಮೊಬೈಲ್ ಫೋನಿನ ಅನುಕೂಲಗಳು ಮತ್ತು ಅನಾನುಕೂಲಗಳು. ನೀನು ಬ್ಲಾಗ್ ಎಲ್ಲ ಬರೀತೀಯಲ್ಲ, ಸ್ವಲ್ಪ ಪಾಯಿಂಟ್ಸ್ ಹೇಳು" ಅಂದಳು. ಬ್ಲಾಗು ಬರೆಯೋದಕ್ಕೆ ನಮ್ಮ ಮನೆಯಲ್ಲಿ ಸಿಕ್ಕ ಮೊದಲ ಮರ್ಯಾದೆ ಇದು, ಬಿಡೋಕಾಗುತ್ತಾ? ಪಟಪಟನೆ ಹೇಳಿದೆ. ಅನುಕೂಲ ಐದು, ಅನಾನುಕೂಲ ಐದು. ಅವಳು ಬರೆದುಕೊಂಡಳು. ಕೊನೆಗೆ "ಉಪಸಂಹಾರ?" ಅಂದಳು.

ಉಪಸಂಹಾರ ನಮಗೆಲ್ಲ ಬಾಯಿಪಾಠ. ನಾನು ಹೈಸ್ಕೂಲಲ್ಲಿದ್ದಾಗ ಇದೇ ಪ್ರಬಂಧ ದೂರದರ್ಶನದ ಮೇಲೆ ಬರೆದಿದ್ದೆ. ಅದಕ್ಕೂ ಹಿಂದಿನವರು ಸಿನಿಮಾದ ಮೇಲೆ ಬರೆದಿರಬೇಕು. "ಹೀಗೆ ಹಿತಮಿತವಾಗಿ ಬಳಸಿದರೆ ಇದು ವರ, ಅತಿಯಾದರೆ ಶಾಪ" ಅಂತ ಬರೆದು ಕೆಳಗೊಂದು ಗೆರೆ ಎಳೆದರೆ ಹತ್ತಕ್ಕೆ ಏಳು ಗ್ಯಾರಂಟಿ. ಅದನ್ನೇ ಹೇಳೋಕೆ ಬಾಯಿ ತೆರೆದೆ. ಆದರೆ ಮಾತು ಹೊರಡಲಿಲ್ಲ. ಯಾಕೆ ಅಂದರೆ ಆ ಹೊತ್ತಿಗೆ ನನಗೆ 2023ರ ಮಳೆಗಾಲ ನೆನಪಾಯಿತು. "ಆಮೇಲೆ ಮಾಡ್ತೀನಿ ಪುಟ್ಟಿ" ಅಂತ ಫೋನಿಟ್ಟೆ. ಅವಳಿಗೆ ಹೇಳದೇ ಉಳಿದದ್ದನ್ನ ಇಲ್ಲಿ ಬರೀತಾ ಇದೀನಿ.

ನಮ್ಮೂರು ಶರಾವತಿ ಹಿನ್ನೀರಿನ ಕಡೆ. ಅಪ್ಪ 2021ರಲ್ಲಿ ಹೋದರು. ಅಮ್ಮ ಅಲ್ಲೇ ಇದ್ದಾಳೆ, ಒಂದಷ್ಟು ಅಡಿಕೆ ತೋಟ ನೋಡಿಕೊಂಡು. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸಿ ಜಮೀನು ಅಮ್ಮನ ಹೆಸರಿಗಾಯಿತು. ರೈತರಿಗೆ ವರ್ಷಕ್ಕೆ ಮೂರು ಕಂತಲ್ಲಿ ಎರಡೆರಡು ಸಾವಿರ ಬರುತ್ತಲ್ಲ, ಆ ದುಡ್ಡೂ ಅಮ್ಮನ ಖಾತೆಗೆ ಬರತೊಡಗಿತು. ಆಮೇಲೆ ಒಂದು ಕಂತು ನಿಂತಿತು. ವಿಚಾರಿಸಿದರೆ "ಕೆವೈಸಿ ಆಗಿಲ್ಲ, ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲಿಗೆ ಓಟಿಪಿ ಬರುತ್ತೆ, ಅದನ್ನ ಹೇಳಿ" ಅಂದರು.

ಆಧಾರ್‌ಗೆ ಲಿಂಕ್ ಆಗಿದ್ದದ್ದು ಅಪ್ಪನ ನಂಬರು. ಆಧಾರ್ ಮಾಡಿಸುವ ಕಾಲಕ್ಕೆ ಮನೆಗೊಂದೇ ಮೊಬೈಲು, ಅಪ್ಪನದು. ಇಬ್ಬರ ಅರ್ಜಿಯಲ್ಲೂ ಅದೇ ನಂಬರು ಬರೆಸಿದ್ದರು. ಅಪ್ಪ ಹೋದ ಮೇಲೆ ಅದಕ್ಕೆ ರೀಚಾರ್ಜ್ ಮಾಡಿಸೋದು ಯಾರಿಗೂ ಹೊಳೆಯಲಿಲ್ಲ. ಸತ್ತವರ ಮೊಬೈಲಿಗೆ ರೀಚಾರ್ಜ್ ಮಾಡಿಸಬೇಕು ಅಂತ ಯಾವ ಗರುಡ ಪುರಾಣದಲ್ಲೂ ಬರೆದಿಲ್ಲ ನೋಡಿ. ಸಿಮ್ಮು ಸತ್ತು ಹೋಯಿತು. ನಾನು ಬೆಂಗಳೂರಿನಿಂದ ಸುಮ್ಮನೆ ಒಮ್ಮೆ ಆ ನಂಬರಿಗೆ ಹಚ್ಚಿದೆ. ಯಾರೋ ಎತ್ತಿ ಹಿಂದಿಯಲ್ಲಿ "ಕೌನ್?" ಅಂದರು. ಏನು ಹೇಳಲಿ? ಕಟ್ ಮಾಡಿದೆ. ಅಪ್ಪನ ಹೆಸರಲ್ಲೇ ಆ ನಂಬರು ಇವತ್ತಿಗೂ ನನ್ನ ಫೋನಲ್ಲಿದೆ, ಅಳಿಸೋಕೆ ಮನಸ್ಸಾಗಿಲ್ಲ.

ಅಂದರೆ ಅಮ್ಮ ಬದುಕಿದ್ದಾಳೆ ಅನ್ನೋದಕ್ಕೆ ಸಾಕ್ಷಿ ಹೇಳಬೇಕಾದ ಆರು ಅಂಕಿಗಳು ಯಾವುದೋ ಊರಿನ ಯಾರದೋ ಜೇಬಿಗೆ ಹೋಗಿ ಬೀಳುತ್ತಿದ್ದವು!

ಸರಿ, ನಂಬರು ಬದಲಾಯಿಸಬೇಕು. ಅದಕ್ಕೆ ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಡಬೇಕು. ಹೋದಳು. ಮೊದಲ ಸಲ ಸರ್ವರ್ ಡೌನು. ಎರಡನೇ ಸಲ ಕರೆಂಟಿಲ್ಲ. ಮೂರನೇ ಸಲ ಬೆರಳು ತಗೊಳ್ಳಲಿಲ್ಲ. ಐವತ್ತು ವರ್ಷ ಅಡಿಕೆ ಸುಲಿದ ಬೆರಳು ಸ್ವಾಮಿ ಅದು. ಸೀಸನ್ನಿನಲ್ಲಿ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರವರೆಗೂ ಸುಲಿದು ಚೊಗರು ಹತ್ತಿ ಕಪ್ಪಾಗಿ, ಸವೆದು, ಒಡೆದ ಬೆರಳು. ಗಾಜಿನ ಮೇಲೆ ಒತ್ತಿದರೆ ಯಂತ್ರಕ್ಕೆ ಗೆರೆಯೇ ಕಾಣೋದಿಲ್ಲ. "ಅಜ್ಜಿ, ಕೈಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ಎರಡು ದಿನ ಬಿಟ್ಟು ಬನ್ನಿ" ಅಂದನಂತೆ ಅಲ್ಲಿನ ಹುಡುಗ. ಅವನದೇನೂ ತಪ್ಪಿಲ್ಲ, ಪಾಪ. ನಾಲ್ಕನೇ ಸಲಕ್ಕೆ ಯಾವುದೋ ಒಂದು ಬೆರಳು ಕೈ ಹಿಡಿಯಿತು.

ಮಹಿಳೆಯರಿಗೆ ಸರ್ಕಾರಿ ಬಸ್ಸು ಫ್ರೀ ಆದದ್ದೂ ಅದೇ 2023ರ ಜೂನಿನಲ್ಲಿ. ಆದರೆ ನಮ್ಮೂರಿಗೆ ಬರೋದು ಖಾಸಗಿ ಬಸ್ಸು, ದಿನಕ್ಕೆ ಎರಡು ಸಲ. ಬೆಳಿಗ್ಗೆ ಹೋದವಳು ಸಂಜೆವರೆಗೆ ಪೇಟೆಯಲ್ಲಿ ಕೂರಬೇಕು. ನಾಲ್ಕು ದಿನ ಆ ಮಳೆಯಲ್ಲಿ ಹಾಗೆ ಕೂತಿದ್ದಳು, ಎರಡು ಸಾವಿರ ರೂಪಾಯಿಗೆ. "ಆ ದುಡ್ಡು ಬಿಟ್ಟುಬಿಡೆ ಅಮ್ಮ, ನಾನು ಕೊಡ್ತೀನಿ" ಅಂದೆ. "ದುಡ್ಡಿನ ಮಾತಲ್ಲ ಮಾರಾಯ. ನಾನು ಇಲ್ಲ ಅಂತ ಬರ್ಕೊಂಡ್ರೆ ಎಂತ ಮಾಡೂದು?" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

*

ತಡೀರಿ, ನಾನು ಮೊಬೈಲು ವಿರೋಧಿ ಅಂದುಕೊಳ್ಳಬೇಡಿ. "ನಮ್ಮ ಕಾಲದಲ್ಲಿ ಮೊಬೈಲಿಲ್ಲದೇ ಎಷ್ಟು ಸುಖವಾಗಿದ್ವಿ" ಅಂತ ನಿಟ್ಟುಸಿರು ಬಿಡೋರ ಗುಂಪಿಗೆ ನಾನು ಸೇರಿದವನಲ್ಲ. ಸುಖವಾಗೇನೂ ಇರಲಿಲ್ಲ. ಮಳೆಗಾಲದಲ್ಲಿ ಹಾವು ಕಚ್ಚಿದವನನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತುಕೊಂಡು, ವಾಹನ ಸಿಗುತ್ತೋ ಇಲ್ಲವೋ ಗೊತ್ತಿಲ್ಲದೆ ರಸ್ತೆಗೆ ನಡೆದದ್ದನ್ನು ನೋಡಿದವನು ನಾನು. ಮನೆಗೆ ಟೆಲಿಗ್ರಾಂ ಬಂತು ಅಂದರೆ ಒಡೆಯೋ ಮೊದಲೇ ಹೆಂಗಸರು ಅಳೋಕೆ ಶುರು ಮಾಡುತ್ತಿದ್ದರು. ಆ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಾಗ ನಾವೆಲ್ಲ ಬ್ಲಾಗುಗಳಲ್ಲಿ ಕಣ್ಣೀರಿಟ್ಟದ್ದೂ ಇದೆ. ನನಗೇನೂ ಬೇಜಾರಾಗಲಿಲ್ಲ.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಸಂಪರ್ಕ ಸಚಿವ ಸುಖರಾಂ ಅವರಿಗೆ ಮಾಡಿದ ಕರೆ ಈ ದೇಶದ ಮೊದಲ ಮೊಬೈಲ್ ಕರೆ. ಆಗ ಅದು ದೊಡ್ಡವರ ಆಟಿಕೆ. ನಿಮಿಷಕ್ಕೆ ಹತ್ತಾರು ರೂಪಾಯಿ, ಬಂದ ಕರೆಗೂ ದುಡ್ಡು. 2003ರಲ್ಲಿ ಒಳಬರುವ ಕರೆ ಪುಕ್ಕಟೆ ಆಯಿತು. ಅದೇ ವರ್ಷ ರಿಲಯನ್ಸ್‌ನವರು 501 ರೂಪಾಯಿ ಕಟ್ಟಿಸಿಕೊಂಡು ಕೈಗೆ ಫೋನು ಕೊಟ್ಟರು. ಗಾರೆ ಕೆಲಸದವನಿಗೆ, ಪ್ಲಂಬರಿಗೆ, ಹೂವು ಮಾರುವವಳಿಗೆ ಒಂದು ವಿಳಾಸ ಸಿಕ್ಕಿತು. ಅದಕ್ಕೂ ಮುಂಚೆ ಅವರನ್ನು ಹುಡುಕಿಕೊಂಡು ಹೋಗಬೇಕು ಅಂದರೆ ಅಂಗಡಿಯವನನ್ನೋ ಮೇಸ್ತ್ರಿಯನ್ನೋ ಕೇಳಬೇಕಿತ್ತು. ಮಿಸ್ಡ್ ಕಾಲ್ ಅನ್ನೋ ಹೊಸ ಭಾಷೆಯನ್ನೇ ನಾವು ಹುಟ್ಟಿಸಿದೆವು. ಒಂದು ರಿಂಗು ಅಂದರೆ ಬಸ್ಸು ಹತ್ತಿದೆ, ಎರಡು ಅಂದರೆ ತಲುಪಿದೆ. ಕಂಪನಿಗೆ ಒಂದು ಪೈಸೆ ಇಲ್ಲ :-)

ಇನ್ನೊಂದು ಉದಾಹರಣೆ ಕೊಡ್ತೀನಿ. ರಾಬರ್ಟ್ ಜೆನ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಉತ್ತರ ಕೇರಳದ ಮೀನುಗಾರರ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ನಮ್ಮ ಕಾಸರಗೋಡೂ ಅದರಲ್ಲಿದೆ. ಮೊದಲು ಏನಾಗುತ್ತಿತ್ತು ಅಂದರೆ, ದೋಣಿಯವನು ತನ್ನೂರಿನ ದಡಕ್ಕೇ ಬರುತ್ತಿದ್ದ. ಅವತ್ತು ಎಲ್ಲರಿಗೂ ಮೀನು ಸಿಕ್ಕಿದ್ದರೆ ಕೊಳ್ಳುವವರಿಲ್ಲದೆ ಸಮುದ್ರಕ್ಕೇ ಸುರಿಯಬೇಕು. ಹತ್ತು ಹದಿನೈದು ಕಿಲೋಮೀಟರ್ ಆಚೆಯ ದಡದಲ್ಲಿ ಮೀನಿಲ್ಲದೆ ವ್ಯಾಪಾರಿಗಳು ಬರಿಗೈಲಿ ಹೋಗುತ್ತಿದ್ದರೂ ಇವನಿಗೆ ಗೊತ್ತಾಗುತ್ತಿರಲಿಲ್ಲ. 1997ರಿಂದ 2001ರ ನಡುವೆ ಕರಾವಳಿಗೆ ಟವರುಗಳು ಬಂದವು. ದೋಣಿಯಿಂದಲೇ ಫೋನ್ ಮಾಡಿ ಎಲ್ಲಿ ಬೆಲೆಯಿದೆ ಅಂತ ಕೇಳಿಕೊಂಡು ಆ ದಡಕ್ಕೆ ಹೋಗತೊಡಗಿದರು. ಮೀನು ಚೆಲ್ಲೋದು ಹೆಚ್ಚುಕಡಿಮೆ ನಿಂತೇ ಹೋಯಿತು. ಮೀನುಗಾರರ ಲಾಭ ಸರಾಸರಿ ನೂರಕ್ಕೆ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ನೂರಕ್ಕೆ 4ರಷ್ಟು ಇಳಿಯಿತು. ಇಬ್ಬರಿಗೂ ಲಾಭ. ಇಂಥದ್ದು ಅಪರೂಪ.

ಆದರೆ ಇಲ್ಲಿ ಒಂದು ವಿಷಯ ಗಮನಿಸಿ. ಆ ಮೀನುಗಾರನಿಗೆ ಯಾರೂ "ಫೋನಿಲ್ಲದಿದ್ದರೆ ನೀನು ಮೀನು ಮಾರುವ ಹಾಗಿಲ್ಲ" ಅನ್ನಲಿಲ್ಲ. ಅವನಿಗೆ ಲಾಭ ಕಂಡಿತು, ಕೊಂಡ. ಕಾಣದಿದ್ದರೆ ಬಿಡುತ್ತಿದ್ದ. ಅನುಕೂಲ ಅಂದರೆ ಇದು. ಬೇಕಾದರೆ ತಗೋ, ಬೇಡವಾದರೆ ಬಿಡು.

*

ಇನ್ನು ಅನಾನುಕೂಲಗಳ ಪಟ್ಟಿ. ಮಕ್ಕಳು ಹಾಳಾಗ್ತಾರೆ, ಕಣ್ಣು ಹೋಗುತ್ತೆ, ಕ್ಯಾನ್ಸರ್ ಬರುತ್ತೆ, ಗುಬ್ಬಚ್ಚಿ ಸಾಯುತ್ತೆ. ಈ ಪಟ್ಟಿಯಲ್ಲಿ ಅರ್ಧ ನಿಜ, ಅರ್ಧ ಫಾರ್ವರ್ಡು.

ಕ್ಯಾನ್ಸರಿನ ಮಾತೇ ತಗೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರ ಮೇ ತಿಂಗಳಲ್ಲಿ ಮೊಬೈಲಿನ ತರಂಗಗಳನ್ನು "ಬಹುಶಃ ಇರಬಹುದು" ಅನ್ನೋ 2ಬಿ ಗುಂಪಿಗೆ ಹಾಕಿತು. ಎಲ್ಲರೂ ಬೆಚ್ಚಿಬಿದ್ದರು. ಅದೇ ಗುಂಪಿನಲ್ಲಿ ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಇದೆ ಅಂತ ಯಾರೂ ಹೇಳಲಿಲ್ಲ. ಸಾಕ್ಷಿ ಸಾಲದು, ಆದರೆ ಇಲ್ಲವೇ ಇಲ್ಲ ಅನ್ನೋಕೂ ಆಗದು ಅನ್ನುವಂಥವು ಆ ಗುಂಪಿಗೆ ಹೋಗುತ್ತವೆ. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರಿನಿಂದ ಟವರುಗಳ ವಿಕಿರಣದ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲಿಗೆ ಇಳಿಸಿದ್ದಾರೆ. ಆದ್ದರಿಂದ ಆ ಭಯ ಸ್ವಲ್ಪ ಪಕ್ಕಕ್ಕಿಡೋಣ.

ಸುಳ್ಳು ಸುದ್ದಿಯ ಮಾತು ಹಾಗಲ್ಲ, ಅದು ನಿಜವಾದ ರೋಗ. 2012ರ ಆಗಸ್ಟಿನಲ್ಲಿ ವದಂತಿಯ ಎಸ್ಸೆಮ್ಮೆಸ್ಸುಗಳಿಗೆ ಹೆದರಿ ಈಶಾನ್ಯ ರಾಜ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಸುದ್ದಿ ನಂಬಿ ಅಮಾಯಕರನ್ನು ಹೊಡೆದು ಕೊಂದರು. ಅವತ್ತು ನಾವು ಮೊಬೈಲನ್ನು ಬೈದೆವು. ಹೊಡೆದ ಕೈಗಳು ಮಾತ್ರ ಮನುಷ್ಯರದ್ದೇ.

ಈ ಎಲ್ಲ ಅನಾನುಕೂಲಗಳಲ್ಲಿ ಒಂದು ಸಮಾನ ಅಂಶ ಇದೆ. ತಪ್ಪು ಬಳಸುವವನದು. ಮಕ್ಕಳು ಜಾಸ್ತಿ ನೋಡಿದರು, ಯುವಕರು ಬೈಕಲ್ಲಿ ಮಾತಾಡಿದರು, ಜನ ನಂಬಬಾರದ್ದು ನಂಬಿದರು. ಆದ್ದರಿಂದ ಹಿತಮಿತವಾಗಿ ಬಳಸಿ. ಸರಿ ಸ್ವಾಮಿ, ಒಪ್ಪಿದೆ. ಆದರೆ ನಮ್ಮಮ್ಮ ಹಿತಮಿತವಾಗಿಯೇ ಬಳಸುತ್ತಿದ್ದಳಲ್ಲ? ಅವಳ ಹತ್ತಿರ ಇರೋದು ಕೀಪ್ಯಾಡ್ ಫೋನು. ದಿನಕ್ಕೆ ಒಂದು ಕರೆ, ನನಗೋ ಅಣ್ಣನಿಗೋ. ರೀಲ್ಸ್ ಗೊತ್ತಿಲ್ಲ, ಫಾರ್ವರ್ಡ್ ಗೊತ್ತಿಲ್ಲ. ಇಷ್ಟು ಹಿತಮಿತದ ಬಳಕೆದಾರಳು ಈ ರಾಜ್ಯದಲ್ಲೇ ಸಿಗಲಿಕ್ಕಿಲ್ಲ. ಶಿಕ್ಷೆ ಆದದ್ದು ಅವಳಿಗೆ.

ನನ್ನ ತಕರಾರು ಇರೋದು ಇಲ್ಲಿ. ಮೊಬೈಲು ಎಂದೋ "ಅನುಕೂಲ"ದ ಪಟ್ಟಿಯಿಂದ ಹೊರಗೆ ಹೋಗಿ "ಷರತ್ತು" ಆಗಿ ಕೂತಿದೆ. ಷರತ್ತಿಗೆ ವರ-ಶಾಪ ಅಂತ ಪ್ರಬಂಧ ಬರೆಯೋಕೆ ಬರೋದಿಲ್ಲ. ಷರತ್ತು ಹಾಕಿದವರು ಯಾರು ಅಂತ ಕೇಳಬೇಕು.

ಸುಮ್ಮನೆ ಲೆಕ್ಕ ಹಾಕಿ ನೋಡಿ. 2020ರಲ್ಲಿ ಕೊರೋನಾ ಬಂತು, ಶಾಲೆ ಮೊಬೈಲಿಗೆ ಹೋಯಿತು. ಮಲೆನಾಡಿನ, ಕರಾವಳಿಯ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದರು. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಒಂದು ಫೋಟೋ ಎಲ್ಲ ಕಡೆ ಓಡಾಡಿತು. ರಸ್ತೆ ಬದಿಯಲ್ಲಿ ಮಳೆಯಲ್ಲಿ ಕೂತು ಪಾಠ ಕೇಳುತ್ತಿರುವ ಮಗಳು, ಅವಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. "ಎಂಥ ಅಪ್ಪ!" ಅಂತ ಎಲ್ಲರೂ ಹಂಚಿಕೊಂಡರು. ನಾನೂ ಹಂಚಿಕೊಂಡೆ. ಅಲ್ಲಾರೀ, ಟವರಿಲ್ಲದ ಊರಿಗೆ ಮೊಬೈಲಲ್ಲಿ ಪಾಠ ಮಾಡಿ ಅಂದವರು ಯಾರು ಅಂತ ಒಬ್ಬರೂ ಕೇಳಲಿಲ್ಲವಲ್ಲ! ಆ ಅಪ್ಪನ ಒಳ್ಳೆಯತನ ದೊಡ್ಡದು, ನಿಜ. ಆದರೆ ಅವನು ಆ ಮಳೆಯಲ್ಲಿ ನಿಲ್ಲಬೇಕಾಗಿ ಬಂದದ್ದಕ್ಕೆ ನಾಚಿಕೆಪಡೋದನ್ನು ಬಿಟ್ಟು ನಾವು ಲೈಕ್ ಒತ್ತಿದೆವು.

2020ರ ಮುಂಗಾರಿನಲ್ಲಿ ರೈತರು ತಮ್ಮ ಬೆಳೆಯ ಫೋಟೋ ತಾವೇ ಆ್ಯಪಿಗೆ ಹಾಕಬೇಕು ಅಂದರು. ಉದ್ಯೋಗ ಖಾತ್ರಿ ಕೂಲಿಗಳ ಹಾಜರಿಯನ್ನು ಆ್ಯಪಿನಲ್ಲೇ ಹಾಕಬೇಕು, ದಿನಕ್ಕೆ ಎರಡು ಸಲ ಫೋಟೋ ತೆಗೆದು ಏರಿಸಬೇಕು ಅಂತ 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯ ಮಾಡಿದರು. ಫೋಟೋ ಏರದಿದ್ದರೆ ಬೆಳಿಗ್ಗೆಯಿಂದ ಮಣ್ಣು ಹೊತ್ತದ್ದಕ್ಕೆ ಲೆಕ್ಕವೇ ಇಲ್ಲ. ಬೆವರಿಗಿಂತ ಸಿಗ್ನಲ್ಲಿಗೆ ಬೆಲೆ ಜಾಸ್ತಿ ಆಯಿತು. ಅಂಗನವಾಡಿ ಕಾರ್ಯಕರ್ತೆಯರಿಗೂ 2021ರಿಂದ ಆ್ಯಪು. ಮಗುವಿನ ತೂಕ ನೋಡೋದು, ಅನ್ನ ಬೇಯಿಸೋದು, ಆಮೇಲೆ ಅದನ್ನೆಲ್ಲ ಮೊಬೈಲಿಗೆ ಒಪ್ಪಿಸೋದು.

ಪ್ರತಿಯೊಂದು ಕಡೆಯೂ ಕ್ರಮ ಒಂದೇ. ಮೊದಲು ಮೊಬೈಲು ಕಡ್ಡಾಯ. ಟವರು ಆಮೇಲೆ, ಯಾವಾಗಲಾದರೂ. 2020ರ ಡಿಸೆಂಬರಿನ ಗ್ರಾಮ ಪಂಚಾಯ್ತಿ ಚುನಾವಣೆ ಹೊತ್ತಿಗೆ ಮಲೆನಾಡಿನ ಕೆಲವು ಊರುಗಳವರು "ನೆಟ್‌ವರ್ಕ್ ಇಲ್ಲ ಅಂದರೆ ಓಟಿಲ್ಲ" ಅಂತ ಬೋರ್ಡು ಹಾಕಿದರು. ಪೇಟೆಯವರಿಗೆ ನಗು. "ಓಟಿಗಿಂತ ಇವರಿಗೆ ಮೊಬೈಲು ಹೆಚ್ಚಾಯ್ತಾ?" ಅಂತ. ಹೆಚ್ಚಾಗಿರಲಿಲ್ಲ ಮಾರಾಯ್ರೇ, ಹೆಚ್ಚು ಮಾಡಿಟ್ಟಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನಾಡಿಗೆಲ್ಲ ಬೆಳಕು ಕೊಡುವಾಗ ನೆಲ ಮುಳುಗಿಸಿಕೊಂಡವರು ನಮ್ಮ ಕಡೆಯವರು. ಆಗಲೂ ಹೀಗೇ. ಲೈನು ತಲೆಯ ಮೇಲೆ ಹೋಯಿತು, ಎಷ್ಟೋ ಮನೆಗಳಿಗೆ ದೀಪ ವರ್ಷಗಟ್ಟಲೆ ಆಮೇಲೆ ಬಂತು.

*

ಈಗ ನೀವು ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಆಫೀಸಿನ ಗೆಳೆಯರೂ ಇದನ್ನೇ ಕೇಳಿದ್ದು.

ಒಂದು, "ಅಮ್ಮನಿಗೊಂದು ಸ್ಮಾರ್ಟ್ ಫೋನ್ ಕೊಡಿಸಿ ಕಲಿಸಬಾರದಾ?" ಕೊಡಿಸಬಹುದು. ಆದರೆ ಕೊಡಿಸೋಕೆ ಮಗ ಇಲ್ಲದವರು? ಇದ್ದರೂ ಫೋನು ಹಿಡಿಯೋಕೆ ಕಣ್ಣು ಕಾಣದವರು? ಒಬ್ಬ ನಾಗರಿಕಳಿಗೆ ಸಲ್ಲಬೇಕಾದ್ದು ಅವಳ ಮಗ ಬೆಂಗಳೂರಲ್ಲಿ ದುಡಿಯುತ್ತಾನಾ ಅನ್ನೋದರ ಮೇಲೆ ನಿಂತರೆ ಅದಕ್ಕೆ ಸರ್ಕಾರ ಯಾಕೆ ಬೇಕು?

ಎರಡು, "ಓಟಿಪಿ, ಆಧಾರ್ ಎಲ್ಲ ಬಂದಿದ್ದರಿಂದ ಮಧ್ಯವರ್ತಿಗಳು ತಪ್ಪಿದರು." ಈ ಮಾತಿನಲ್ಲಿ ಸತ್ಯ ಇದೆ. ಮೊದಲು ಪಿಂಚಣಿ ಕೊಡಿಸೋಕೆ ಒಬ್ಬ, ಅರ್ಜಿ ಬರೆಯೋಕೆ ಒಬ್ಬ, ಸಹಿ ಹಾಕಿಸೋಕೆ ಒಬ್ಬ ಇದ್ದ. ದುಡ್ಡು ನೇರ ಖಾತೆಗೆ ಬರೋದು ದೊಡ್ಡ ಬದಲಾವಣೆ, ನಾನದನ್ನು ಬೇಡ ಅನ್ನುತ್ತಿಲ್ಲ. ಆದರೆ ಮಧ್ಯವರ್ತಿ ಹೋದನಾ? ನಮ್ಮ ಪೇಟೆಯ ಸೇವಾಕೇಂದ್ರದ ಮುಂದೆ ಒಂದು ಗಂಟೆ ನಿಂತು ನೋಡಿ. ಮುದುಕರು ಸಾಲಾಗಿ ಬಂದು ಫೋನನ್ನು ಆ ಹುಡುಗನ ಕೈಗೆ ಕೊಡುತ್ತಾರೆ. ಅವನೇ ಓಟಿಪಿ ಓದುತ್ತಾನೆ, ಅವನೇ ಒತ್ತುತ್ತಾನೆ, ಅವನು ಹೇಳಿದಷ್ಟು ಕೊಡುತ್ತಾರೆ. ಬಹಳ ಕಡೆ ಈ ಹುಡುಗರು ಒಳ್ಳೆಯವರೇ. ಆದರೆ ಒಳ್ಳೆಯತನದ ಮೇಲೆ ನಡೆಯೋ ವ್ಯವಸ್ಥೆಗೆ ಪಾರದರ್ಶಕ ಅನ್ನೋಕಾಗಲ್ಲ.

ಇದರ ಇನ್ನೊಂದು ಮುಖ ಇನ್ನೂ ಕೆಟ್ಟದು. "ನಿಮ್ಮ ಓಟಿಪಿಯನ್ನು ಯಾರಿಗೂ ಹೇಳಬೇಡಿ" ಅಂತ ಬ್ಯಾಂಕುಗಳು ದಿನಾ ಮೆಸೇಜು ಕಳಿಸುತ್ತವೆ. ಅದೇ ಹೊತ್ತಿಗೆ ಓದೋಕೆ ಬಾರದ ಲಕ್ಷಾಂತರ ಜನ ಓಟಿಪಿಯನ್ನು ಅಪರಿಚಿತರಿಗೆ ಹೇಳದೇ ಇದ್ದರೆ ಅಕ್ಕಿ, ದುಡ್ಡು, ಕಾರ್ಡು ಯಾವುದೂ ಸಿಗದಂತೆ ಮಾಡಿಟ್ಟಿದ್ದೇವೆ. ಓಟಿಪಿ ಕೇಳಿದವರಿಗೆ ಹೇಳೋದು ಅಂತ ಹತ್ತು ವರ್ಷ ನಾವೇ ರೂಢಿ ಮಾಡಿಸಿದ್ದೇವೆ. ಆಮೇಲೆ ಯಾರೋ ಕಳ್ಳ ಫೋನು ಮಾಡಿ ಕೇಳಿದಾಗ ಹೇಳಿದರೆ "ಅಷ್ಟೂ ಬುದ್ಧಿ ಬೇಡವಾ?" ಅಂತ ಬೈಯುತ್ತೇವೆ. ಪೊಲೀಸ್ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ಹೆದರಿಸುವ "ಡಿಜಿಟಲ್ ಅರೆಸ್ಟ್" ಬಗ್ಗೆ 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಎಚ್ಚರಿಕೆ ಹೇಳಬೇಕಾಯಿತು. ಮೋಸ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ ಅಂತಾರೆ, ಮಾಡಬೇಕು, ಎಲ್ಲರಿಗೂ ಆ ನಂಬರು ತಿಳಿಸಿ. ಆದರೆ ಫೋನಿನಿಂದ ಬಂದ ಆಜ್ಞೆಗೆ ಮರುಮಾತಾಡದೆ ತಲೆಬಾಗೋದನ್ನ ಜನರಿಗೆ ಕಲಿಸಿದವರಲ್ಲಿ ನಮ್ಮ ಕಚೇರಿಗಳೂ ಇವೆ ಅನ್ನೋದನ್ನ ಮರೆಯಬಾರದು.

ಮೂರು, "ಕಾಲ ಬದಲಾಗುತ್ತೆ, ಎಲ್ಲರೂ ಹೊಂದಿಕೊಳ್ಳಬೇಕು." ಇದನ್ನು ಹೇಳುವವರು ಸಾಮಾನ್ಯವಾಗಿ ಹೊಂದಿಕೊಳ್ಳಲು ಏನೂ ಕಷ್ಟ ಇಲ್ಲದವರು. ಅವರ ಮನೆಯಲ್ಲಿ ವೈಫೈ ಇರುತ್ತೆ. ಹೊಂದಿಕೊಂಡವರಿಗೂ ಸುಖ ಇದೆಯಾ? ಒಂದು ಕಾಲದಲ್ಲಿ "ಲೈಫ್‌ಟೈಮ್" ಅಂತ ಸಿಮ್ಮು ಮಾರಿದರು. ಒಮ್ಮೆ ದುಡ್ಡು ಕಟ್ಟಿದರೆ ಜೀವನಪೂರ್ತಿ ಒಳಬರುವ ಕರೆ ಅಂದರು. 2018ರ ಕೊನೆಗೆ ಕಂಪನಿಗಳು ತಿಂಗಳು ತಿಂಗಳು ಕನಿಷ್ಠ ರೀಚಾರ್ಜ್ ಮಾಡಿಸದಿದ್ದರೆ ಒಳಬರುವ ಕರೆಯೂ ಇಲ್ಲ ಅನ್ನತೊಡಗಿದವು. ಮಿಸ್ಡ್ ಕಾಲಿನ ಸಾಮ್ರಾಜ್ಯ ಅಲ್ಲಿಗೆ ಮುಗಿಯಿತು. ಡೇಟಾ ಬೇಡದವರಿಗೆ ಬರೀ ಮಾತು ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕು ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ನೋಡಿ ಹೇಗಿದೆ! ಒಂದು ಕಡೆ ಸರ್ಕಾರ ನಂಬರು ಇಲ್ಲದೆ ನೀನಿಲ್ಲ ಅನ್ನುತ್ತೆ, ಇನ್ನೊಂದು ಕಡೆ ಕಂಪನಿ ದುಡ್ಡು ಕಟ್ಟದೆ ನಂಬರಿಲ್ಲ ಅನ್ನುತ್ತೆ. ಎರಡನ್ನೂ ಕೂಡಿಸಿ ಓದಿ. ತಿಂಗಳು ತಿಂಗಳು ಖಾಸಗಿ ಕಂಪನಿಗೆ ಕಂದಾಯ ಕಟ್ಟಿದರೆ ಮಾತ್ರ ನಾನು ಈ ದೇಶದಲ್ಲಿ ಇದ್ದೇನೆ.

ಮತ್ತೆ ಕನ್ನಡ! ಇದನ್ನು ಕನ್ನಡದಲ್ಲಿ ಬ್ಲಾಗ್ ಬರೆಯುವ ನಿಮ್ಮ ಮುಂದೆ ಹೇಳದಿದ್ದರೆ ಇನ್ನೆಲ್ಲಿ ಹೇಳಲಿ. ನಮ್ಮಮ್ಮ ಏಳನೇ ಕ್ಲಾಸು. ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿ ಜಾಹೀರಾತಿನವರೆಗೆ ಓದುವವಳು. ಕಾದಂಬರಿ ಓದುವವಳು. ಅವಳಿಗೆ ಬರುವ ಓಟಿಪಿ ಮೆಸೇಜು ಇಂಗ್ಲಿಷಿನಲ್ಲಿ. ಒಂದು ಮೆಸೇಜಿನಲ್ಲಿ ಆರು ಅಂಕಿ ಓಟಿಪಿ, ಖಾತೆಯ ಕೊನೆಯ ನಾಲ್ಕು ಅಂಕಿ, ತಾರೀಖು, ಸಮಯ. ಇದರಲ್ಲಿ ಹೇಳಬೇಕಾದ್ದು ಯಾವುದು, ಹೇಳಬಾರದ್ದು ಯಾವುದು? ನಾವು ನುಡಿ, ಬರಹದ ಕಾಲದಿಂದ ಯೂನಿಕೋಡಿಗೆ ಬರೋಕೆ ಪಟ್ಟ ಪಾಡೆಲ್ಲ ನೆನಪಿದೆ ತಾನೇ? ಚೌಕಚೌಕವಾಗಿ ಕಾಣುತ್ತಿದ್ದ ಅಕ್ಷರ ಸರಿ ಮಾಡಲು ರಾತ್ರಿಯೆಲ್ಲ ಕೂತದ್ದು? ಈಗ ಎಲ್ಲ ಮೊಬೈಲಿನಲ್ಲೂ ಕನ್ನಡ ಕಾಣುತ್ತೆ. ಕಾಣದಿರೋದು ಕಳಿಸುವವರ ಮನಸ್ಸಿನಲ್ಲಿ ಮಾತ್ರ. ಅಕ್ಷರಸ್ಥೆಯಾದ ನಮ್ಮಮ್ಮನನ್ನು ಈ ಮೊಬೈಲು ಅರವತ್ತೆಂಟನೇ ವಯಸ್ಸಿನಲ್ಲಿ ಅನಕ್ಷರಸ್ಥೆ ಮಾಡಿ ಕೂರಿಸಿತು. ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ.

*

ಬರೀ ಬೈದರೆ ಸಾಲದು, ಏನಾಗಬೇಕು ಅಂತ ಹೇಳಿ ಅಂತೀರಿ. ಹೇಳ್ತೀನಿ. ಯಾವುದೂ ಆಕಾಶದಿಂದ ಚಂದ್ರನನ್ನು ತರುವಂಥದ್ದಲ್ಲ.

ಮೊಬೈಲು ಕೇಳುವ ಪ್ರತಿ ಸರ್ಕಾರಿ ಕೆಲಸಕ್ಕೂ ಮೊಬೈಲಿಲ್ಲದ ಇನ್ನೊಂದು ಬಾಗಿಲು ಇರಬೇಕು. ಒಬ್ಬ ಮನುಷ್ಯ ಕೂತಿರಬೇಕು, ಕಾಗದ ತಗೊಳ್ಳಬೇಕು, ಮುಖ ನೋಡಿ "ಹೌದು, ಇವರೇ" ಅಂತ ಬರೆಯುವ ಅಧಿಕಾರ ಅವನಿಗಿರಬೇಕು. ನಮ್ಮಮ್ಮನನ್ನು ಊರಿನ ಪೋಸ್ಟ್‌ಮ್ಯಾನಿನಿಂದ ಹಿಡಿದು ಗ್ರಾಮ ಲೆಕ್ಕಿಗರವರೆಗೆ ಎಲ್ಲರೂ ಬಲ್ಲರು. ಅವಳು ಇದ್ದಾಳೆ ಅನ್ನೋದು ಗೊತ್ತಿಲ್ಲದೇ ಇದ್ದದ್ದು ಒಂದು ಸರ್ವರಿಗೆ ಮಾತ್ರ.

ಸರ್ವರ್ ಡೌನ್ ಆದರೆ, ಬೆರಳು ತಗೊಳ್ಳದಿದ್ದರೆ, ಓಟಿಪಿ ಬಾರದಿದ್ದರೆ ಅದನ್ನು ಬರೆದು ಹಿಂಬರಹ ಕೊಡಬೇಕು. ಇಂಥ ದಿನ ಇಂಥವರು ಬಂದಿದ್ದರು, ನಮ್ಮ ಯಂತ್ರ ಕೆಲಸ ಮಾಡಲಿಲ್ಲ ಅಂತ. ನಮ್ಮ ರಾಜ್ಯದಲ್ಲಿ 2012ರಿಂದ ಸಕಾಲ ಇದೆ. ಅರ್ಜಿ ಕೊಟ್ಟರೆ ರಸೀದಿ, ರಸೀದಿಯಲ್ಲಿ ಗಡುವು. ಬಹಳ ಒಳ್ಳೆಯ ಕಾನೂನು. ಆದರೆ ಅರ್ಜಿಯೇ ಒಳಗೆ ಹೋಗದಿದ್ದರೆ ಗಡುವು ಎಲ್ಲಿಂದ ಶುರುವಾಗಬೇಕು? ಅಮ್ಮ ನಾಲ್ಕು ಸಲ ಹೋದಳು. ಮೊದಲ ಮೂರು ಸಲ ಹೋದದ್ದಕ್ಕೆ ಎಲ್ಲೂ ದಾಖಲೆಯಿಲ್ಲ. ಯಂತ್ರದ ಪ್ರಕಾರ ಅವಳು ಬಂದೇ ಇಲ್ಲ.

ಓಟಿಪಿ ಕನ್ನಡದಲ್ಲಿ ಬರಬೇಕು. ಟವರು ಬಾರದ ಊರಿಗೆ ಆ್ಯಪು ಬರಬಾರದು. ಸತ್ತವರ ನಂಬರು ಇನ್ನೊಬ್ಬರಿಗೆ ಕೊಡುವ ಮುನ್ನ ಅದು ಯಾರ ಯಾರ ಬದುಕಿಗೆ ಗಂಟು ಬಿದ್ದಿದೆ ಅಂತ ನೋಡುವ ದಾರಿ ಹುಡುಕಬೇಕು. ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದವರಿಗೆ ಇದು ಕಷ್ಟವಾ? ಅದೂ ಅದೇ 2023ರ ಆಗಸ್ಟು.

ಬುಧವಾರ ರಾತ್ರಿ ಪುಟ್ಟಿಗೆ ಮತ್ತೆ ಫೋನ್ ಮಾಡಿದೆ. "ಉಪಸಂಹಾರ ಬರ್ದೆಯಾ?" ಅಂದೆ. "ಹೂಂ, ಹಿತಮಿತವಾಗಿ ಬಳಸಿದರೆ ವರ ಅಂತ ಬರ್ದೆ. ಮಿಸ್ಸು ಗುಡ್ ಹಾಕಿದಾರೆ" ಅಂದಳು. ನಾನು ಅಜ್ಜಿಯ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಅನಾನುಕೂಲಕ್ಕೆ ಹಾಕಬೇಕಿತ್ತಾ ಚಿಕ್ಕಪ್ಪಾ?" ಅಂತ ಕೇಳಿದಳು. "ಇಲ್ಲ ಪುಟ್ಟಿ, ಅದಕ್ಕೆ ಬೇರೆ ಪ್ರಬಂಧ ಬರೀಬೇಕು" ಅಂದೆ. "ನೀನೇ ಬರಿ" ಅಂದಳು.

ಬರೆದಿದ್ದೇನೆ. ಇನ್ನು ನಿಮ್ಮ ಮನೆಯ ಕತೆ ನೀವು ಬರೆಯಿರಿ. ಇಲ್ಲಿ ಕೆಳಗೆ ಬರೆದರೂ ಸರಿ, ನಿಮ್ಮ ಬ್ಲಾಗಲ್ಲಿ ಬರೆದು ತಿಳಿಸಿದರೂ ಸರಿ. ಯಾವ ಊರು, ಯಾವ ಕೆಲಸ, ಎಷ್ಟು ಸಲ ತಿರುಗಿದರು, ಇಷ್ಟು ಸಾಕು. ಅವರು ಬಂದಿದ್ದರು ಅನ್ನೋದಕ್ಕೆ ಎಲ್ಲಾದರೂ ಒಂದು ಕಡೆ ದಾಖಲೆ ಇರಲಿ.

ಅಂದ ಹಾಗೆ ಇವತ್ತು ಬೆಳಿಗ್ಗೆ ಅಮ್ಮನ ಫೋನಿಗೆ ರೀಚಾರ್ಜ್ ಮಾಡಿಸಿದೆ. ನಿಮ್ಮಮ್ಮನದ್ದು ಯಾವತ್ತು ಮುಗಿಯುತ್ತೆ, ಒಮ್ಮೆ ನೋಡಿ.